ಒಗೆಯದ ಸೀರೆ

"ಹಲೋ... ಹಲೋ, ಯಾರ್ರೀ ಮಾತಾಡೋದು? ಶಹಾಬಾದ ಏನ್ರೀ?... ಕಲ್ಲಿನ ಅಡ್ಡಾ, ಹೌದಿಲ್ಲೋ?..." ಭೀಮಬಾಯಿ ರಿಸೀವರನ್ನು ಕಿವಿಗೆ ಒತ್ತಿಕೊಂಡು ಕೂಗಿದಳು.

"ಹಾಂ, ಹಾಂ. ನಾ ಭೀಮಬಾಯಿ ಅಂತರೀ. ಸುಲೇಪೇಟದಿಂದ, ಗನಿಸಾಬರ ಅಂಗಡಿಯಿಂದ ಮಾತಾಡ್ಲಿಕತ್ತೀನಿ... ನಿಮ್ಮಲ್ಲಿ ಲಾರಿಗೆ ಕಲ್ಲು ಹೇರೋ ದೇವೀಂದ್ರಪ್ಪ ಅದಾನಲ್ರೀ, ಅಂವ ನನ್ನ ತಮ್ಮ... ಇವತ್ತು ಕೆಲಸಕ್ಕ ಬಂದಿಲ್ಲಾ? ಯಾಕ್ರೀ?... ಹೋಗಲಿ ಬಿಡ್ರಿ. ಅವನ ಮನಿ ನಿಮ್ಮ ಅಡ್ಡಾದ ಹಿಂದೇ ಅದ. ಜರಾ ಯಾರನ್ನಾರ ಕಳಸಿ ಕರೀರಿ. ಅಕ್ಕ ಫೋನ್ ಹಚ್ಯಾಳಂತ ಹೇಳ್ರಿ... ಹಾಂ, ಹಿಡಕೊಂಡೇ ನಿಂತೀನಿ."

ಟೇಬಲ್ಲಿನ ಆಚೆ ಕೂತಿದ್ದ ಗನಿಸಾಬರು ತೊಗರಿ ಕಾಳನ್ನು ಅಂಗೈಯಲ್ಲಿ ಹೊರಳಿಸುತ್ತ ನಕ್ಕರು. "ಇಷ್ಟು ಒದರಿದ್ರ ತಾರು ಯಾಕ ಬೇಕು ಬಾಯಿ? ಬಾಗಲದಾಗ ನಿಂತು ಕೂಗ್ರಿ, ಶಹಾಬಾದಿಗೆ ಮುಟ್ಟತದ."

ಭೀಮಬಾಯಿ ದನಿ ಇಳಿಸಿದಳು. ಗನಿಸಾಬರು ನಕ್ಕರೆಂದಲ್ಲ, ಅಂಗಡಿಯ ಮೆಟ್ಟಿಲ ಮೇಲೆ ಅಂಬರಾಯ ಕೂತಿದ್ದ. ಇಪ್ಪತ್ತು ದಾಟಿದ ಎತ್ತರದ ಆಳು, ಮೊಣಕಾಲ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡು ಮೆಲ್ಲಗೆ ಹಿಂದೆ ಮುಂದೆ ತೂಗುತ್ತಿದ್ದ. ಅವಳ ತಂಗಿ ಯಂಕಮ್ಮನ ಮಗ. ಊರವರು ಅವನಿಗೆ ಹುಚ್ಚ ಅಂದರು, ಗಾಳಿ ಹೊಕ್ಕಿದೆ ಅಂದರು, ದರ್ಗಾಕ್ಕೆ ಒಯ್ಯಿರಿ ಅಂದರು. ಯಂಕಮ್ಮ ಮಾತ್ರ ಒಂದೇ ಮಾತು ಹೇಳುತ್ತಿದ್ದಳು: "ನಮಗೆಲ್ಲ ಕಿವಿಗೆ ಕದ ಅದಾವ. ನನ್ನ ಮಗನಿಗೆ ದೇವರು ಕದ ಇಟ್ಟಿಲ್ಲ. ಎಲ್ಲಾ ಸೀದಾ ಒಳಗ ಬರತದ." ಭೀಮಬಾಯಿ ಇಷ್ಟು ದಿನ ಅವನನ್ನು ಮನೆಯಲ್ಲಿಟ್ಟುಕೊಂಡು ನೋಡಿದ ಮೇಲೆ, ಅದಕ್ಕಿಂತ ಸರಿಯಾದ ಮಾತನ್ನು ಬೇರೆ ಯಾರೂ ಹೇಳಿಲ್ಲವೆಂದು ತಿಳಿದಿದ್ದಳು.

ಶಹಾಬಾದಿನಲ್ಲಿ ಆ ಕಿವಿಗೆ ಬದುಕಿರಲಿಲ್ಲ. ಅಪ್ಪ ಸತ್ತ ದಿನ ಹಲಗೆ ಬಾರಿಸಿದಾಗ ಅಂಬರಾಯ ಫರ್ಸಿ ಕಲ್ಲಿಗೆ ಹಣೆ ಜಜ್ಜಿಕೊಂಡ ಗುರುತು ಇನ್ನೂ ಇತ್ತು. ಆಮೇಲೆ ಹತ್ತಿರದಲ್ಲೇ ಸುಣ್ಣಗಲ್ಲಿನ ಗಣಿ ಶುರುವಾಗಿ ದಿನವೂ ಮದ್ದು ಹಾರಿಸತೊಡಗಿದರು. ಯಂಕಮ್ಮ ತನ್ನ ಮೈಮೇಲಿನ ಸೀರೆಯನ್ನೇ ಬಿಚ್ಚಿ ಮಗನ ತಲೆಗೆ ಹೊದಿಸಿ, ಬೇರೆ ಸೀರೆ ಉಟ್ಟುಕೊಂಡು, ಬಂಡಿಯಲ್ಲೂ ನಡೆದೂ ಅವನನ್ನು ಸುಲೇಪೇಟಕ್ಕೆ ತಂದು ಅಕ್ಕನ ಮನೆಯಲ್ಲಿ ಬಿಟ್ಟಳು. ಊರ ಕೊನೆಯ ಮನೆ, ಹಿಂದೆ ತೊಗರಿ ಹೊಲ. ಅಲ್ಲಿ ಅವನು ಉಣ್ಣುತ್ತಿದ್ದ, ಮಲಗುತ್ತಿದ್ದ, ಎತ್ತುಗಳ ಜೊತೆ ಇರುತ್ತಿದ್ದ. ಅವಳು ಅಮಾವಾಸ್ಯೆಗೊಮ್ಮೆ ಬಂದು ಹೋಗುತ್ತಿದ್ದಳು. ನಾಗರ ಪಂಚಮಿಯಿಂದ ಬಂದಿರಲಿಲ್ಲ. ಎದೆಯಲ್ಲಿ ದಮ್ಮು ಹಿಡಿದು ತಮ್ಮನ ಮನೆಯಲ್ಲಿ ಹೊರಸು ಹಿಡಿದಿದ್ದಾಳೆಂದು ಸುದ್ದಿ ಬಂದಿತ್ತು. ಅವಳು ಬರಲಾರಳಾದರೆ ಇವನೇ ಹೋಗಬೇಕಲ್ಲ. ಅದಕ್ಕೇ ಈ ಫೋನು.

"ಹಾಂ... ಹಲೋ. ದೇವೀಂದ್ರಾ ಏನು? ನಾನೋ, ಅಕ್ಕ... ಯಾಕ, ಧ್ವನಿ ಹಿಂಗ್ಯಾಕ ಬಿದ್ದದ? ನೆಗಡಿ ಏನು?... ಹಾಂ, ಈಗ ಎಲ್ಲಾ ಕಡೀನೂ ಅದೇ ಅದ. ಬಿಸಿ ನೀರು ಕುಡಿ, ಆ ಕಲ್ಲಿನ ಧೂಳದಾಗ ಬಾಯಿ ಮುಚಗೊಂಡು ನಿಂದ್ರು... ಯಂಕಿ ಹ್ಯಾಂಗದಾಳ?..."

"ಮಲಗ್ಯಾಳಾ? ಮಲಗಲಿ ಬಿಡು. ಎಬ್ಬಿಸಬ್ಯಾಡ. ನಿದ್ದಿ ಹತ್ತೋದೇ ಕಮ್ಮಿ ಆಕಿಗಿ... ಈಗ ನಾ ಹೇಳೋದು ಸಮಾಧಾನಲೇ ಕೇಳು. ನಡುವ ಬಾಯಿ ಹಾಕಬ್ಯಾಡ. ನಾ ಅಂಬೂನ ಕರಕೊಂಡು ಬರ್ಲಿಕತ್ತೀನಿ... ಹೌದು. ಅವನ ಅವ್ವನ ಹಂತ್ಯಾಕ... ಯಾಕ ಬ್ಯಾಡ? ನಿನಗ ಕೇಳಿಲ್ಲ ನಾ, ಹೇಳ್ಲಿಕತ್ತೀನಿ."

ಹೇಳಬೇಕಾದದ್ದನ್ನು ಅವಳು ಹೊಲದಲ್ಲಿ ಕಳೆ ಕೀಳುವಾಗ, ರೊಟ್ಟಿ ಬಡಿಯುವಾಗ ಮನಸ್ಸಿನಲ್ಲೇ ಸಾಲಾಗಿ ಇಟ್ಟುಕೊಂಡಿದ್ದಳು. ಎಂಥ ಕೆಲಸವೂ ಮೊದಲು ತಲೆಯಲ್ಲಿ ಆಗಬೇಕು, ಆಮೇಲೆ ಕೈಯಲ್ಲಿ ಅನ್ನುವ ಹೆಂಗಸು ಅವಳು.

"ದೀಪಾವಳಿ ಮುಂದದ ಹೌದಿಲ್ಲೋ? ಪಟಾಕಿ ಹಾರಸಲಿಕ್ಕ ಸುರು ಮಾಡಿದ್ರ ಆಮ್ಯಾಲ ಅವನನ್ನ ಮನಿ ಹೊರಗ ತರಲಿಕ್ಕ ಆಗಲ್ಲ. ಅದಕ್ಕ ಈ ವಾರದಾಗೇ ಬರಬೇಕು... ಬಸ್ಸಾ? ನಿನಗೇನು ತಲಿ ಕೆಟ್ಟದೇನು? ಹಿಂದಕ ಬಸ್ಸಿನ್ಯಾಗ ಹತ್ತಿಸಿದ್ದು ಮರತ್ಯಾ? ಆ ಡ್ರೈವರ್ ಹಾರ್ನ್ ಹೊಡದ ಕೂಡ್ಲೇ ಕಿಡಕ್ಯಾಗಿಂದ ಹಾರಿದ್ದ. ಬಸ್ಸು ಬಿಲ್ಕುಲ್ ಬ್ಯಾಡ..."

"ಸೇಡಂ ತನಕಾ ಟಾಂಗಾ. ಖಾಜಾಮಿಯಾನ ಟಾಂಗಾ. ಕುದರಿ ಕೊಳ್ಳಾಗಿನ ಗೆಜ್ಜಿ ಬಿಚ್ಚಿಸೀನಿ, ಗಾಲಿಗಿ ಹಳೀ ಟೈರ್ ಸುತ್ತಿಸೀನಿ... ಹಾಂ, ಅಂವ ನಗತಾನ. 'ನನ್ನ ಕುದರಿ ಬರೀ ಕೊಳ್ಳಲೆ ಊರಾಗ ಹ್ಯಾಂಗ ತಿರಗಬೇಕು ಬಾಯಿ, ರಂಡಿಮುಂಡಿ ಆದಂಗ ಕಾಣತದ' ಅಂತಾನ. ಅನ್ನಲಿ. ದಿನಾ ಒಂದೀಟು ಒಂದೀಟು ಕೂಡಿಸಿ ರೂಢಿ ಮಾಡೀನಿ. ಮೊದಲ ಕುದರಿ ಹೂಡದೇ ಕೂಡಿಸಿದೆ, ಸುಮ್ಮ ನಿಂತ ಗಾಡ್ಯಾಗ. ಆಮ್ಯಾಲ ಹೊಲದ ತನಕಾ. ನಿನ್ನಿ ಬಸ್‌ಸ್ಟ್ಯಾಂಡ್ ದಾಟಿ ಹೋಗಿ ಬಂದೀವಿ. ಅಳಲಿಲ್ಲ, ಕಿವಿ ಮುಚ್ಚಿದ, ಅಷ್ಟೇ..."

"ಸೇಡಮಿನಾಗ ರೈಲು. ಕಡೀ ಡಬ್ಬಿ ಹತ್ತತೀವಿ, ಇಂಜಿನ್ನಿನ ಕೂಗು ದೂರ ಬೀಳತದ... ವಾಡಿ ತನಕಾ ಬರಲ್ಲೋ. ವಾಡ್ಯಾಗ ಇಂಜಿನ್ನುಗಳು ಒಂದರ ಮ್ಯಾಲ ಒಂದು ಕೂಗತಾವ, ಅಲ್ಲಿ ಇಳಿಸಿದ್ರ ಅಂವ ಹಳಿ ಮ್ಯಾಲ ಬಿದ್ದಾನು. ಚಿತ್ತಾಪುರದಾಗೇ ಇಳೀತೀವಿ. ಅಲ್ಲಿಗಿ ನೀ ಬಂಡಿ ತೊಗೊಂಡು ಬರಬೇಕು. ಬರೇ ನೀ. ಸಂಗಾಟ ಯಾರೂ ಬ್ಯಾಡ, ನಿನ್ನ ಹೆಂಡ್ತಿ ಸುಂದರಬಾಯೀನೂ ಬ್ಯಾಡ. ಆಕಿ ಬಳಿ ಸಪ್ಪಳ ಅವನಿಗಿ ತಡ್ಯಾಂಗಿಲ್ಲ. ಏನೂ ತಿಳಕೋಬ್ಯಾಡಂತ ಹೇಳು ಆಕಿಗಿ..."

"ಹೊಳೀಗಿ ಹಣಮಪ್ಪನ ಹರಗೋಲು. ಅವನಿಗಿ ಹೇಳಿಡು, ನಮ್ಮ ಮೂವರನ್ನೇ ದಾಟಿಸಬೇಕು, ಬ್ಯಾರೆ ಮಂದೀನ ಹತ್ತಿಸಬಾರದು. ನೀರಿನ ಮ್ಯಾಲ ಅಂವ ಖುಷೀಲೇ ಇರತಾನ. ಹೊಳೀ ದಂಡಿ ರಕ್ತ ಅಲ್ಲೇನು, ಎಲ್ಲಿ ಹೋಗತದ?... ದೇವೀಂದ್ರಾ, ಕೇಳ್ಲಿಕತ್ತಿದ್ಯೋ ಇಲ್ಲೋ? ಹೂಂ ಅನ್ನು, ಇಲ್ಲಂದ್ರ ತಾರು ಕಡದದ ಅನಸತದ..."

ಮೆಟ್ಟಿಲ ಕಡೆಯಿಂದ ಸಣ್ಣ ದನಿ ಬಂತು. ಅಂಬರಾಯ ಹೇಳಿಕೊಳ್ಳುತ್ತಿದ್ದ: "ಸೀರಿ. ಟಾಂಗಾ. ರೈಲು. ಬಂಡಿ. ಹರಗೋಲು. ಅವ್ವ." ಭೀಮಬಾಯಿಯೇ ಕಲಿಸಿದ ಸಾಲು. ಮುಂದೆ ಏನು ಬರುತ್ತದೆಂದು ಗೊತ್ತಿದ್ದರೆ ಅವನು ಅರ್ಧ ಹೆದರಿಕೆಯನ್ನು ಗೆಲ್ಲುತ್ತಾನೆಂದು ಅವಳು ಕಂಡುಕೊಂಡಿದ್ದಳು. ಸೀಗಿ ಹುಣ್ಣಿಮೆಯಿಂದ ದಿನಾ ಹೇಳಿಸಿದ್ದಳು. ಈಗ ಆ ಸಾಲು ಅವನ ಬಾಯಿಂದ ಇಳಿಯುತ್ತಲೇ ಇರಲಿಲ್ಲ. ಮುಗಿದ ಕೂಡಲೆ ಮತ್ತೆ ಮೊದಲಿಂದ ಶುರು.

"ಕೇಳಿಸ್ತೇನು? ಅವನೇ. ಹಾದಿ ಬಾಯಿಪಾಠ ಮಾಡ್ಯಾನ... ಇನ್ನ ಮನೀ ಮಾತು. ಖಣಿ ಮುನೀಮನ ಕೇಳಿ, ಮದ್ದು ಹಾರಸದ ರಜಾ ದಿನ ಯಾವದಂತ ಹೇಳು, ಆ ದಿನಾನೇ ಬರತೀವಿ. ಮನ್ಯಾಗ ಮೆಣಸಿನಕಾಯಿ ಹುರೀಬ್ಯಾಡ್ರಿ. ದೀಪಾವಳೀದು ಸುಣ್ಣ ಹಚ್ಚೋದಿದ್ರ ನಾವು ಹೋದ ಮ್ಯಾಲ ಹಚ್ಚರಿ. ಮಂದಿ ಬಂದು ಬಾಗಲದಾಗ ನಿಂದ್ರಬಾರದು. ಅಂವ ಬರಲಿ, ಅವನ ಅವ್ವನ ಬಗಲಿಗಿ ಕೂಡಲಿ. ಆಕಿ ಕೈ ಅವನ ತಲಿ ಮ್ಯಾಲ ಒಂದಸಲ ಬರಲಿ. ಅಷ್ಟು ಆದ್ರ ಸಾಕು. ನನಗ ತಿಳೀತದ ದೇವೀಂದ್ರಾ, ಆಕಿ ಭಾಳ ದಿನ ಉಳಿಯಂಗಿಲ್ಲ. ಅದಕ್ಕೇ ಈ ಗಡಬಡಿ..."

"ಯಾಕ ಸುಮ್ಮ ಅದಿ?... ಹಾಂ, ಒಂದು ಮುಖ್ಯ ಮಾತು ಉಳೀತು. ಅದಕ್ಕೇ ಫೋನ್ ಹಚ್ಚಿದ್ದು. ಯಂಕಿದು ಉಟ್ಟ ಸೀರಿ ಒಂದು ಬೇಕು. ಒಗೀಲಾರದ್ದು. ಯಾರ ಕೈಲಾರ ನಾಳಿಗೇ ಕಳಸು..."

ಸೀರೆಯ ಕಥೆ ಹೀಗಿತ್ತು. ಯಂಕಮ್ಮ ಹೊದಿಸಿ ತಂದ ಆ ಸೀರೆಯೇ ಅಂಬರಾಯನ ಕಿವಿಯ ಕದ. ಹೊರಗೆ ಹೋಗುವಾಗ ತಲೆಗೆ ಹಾಕಿಕೊಂಡು ಸೆರಗಿನ ಅಂಚನ್ನು ಮೂಗಿಗೆ ಒತ್ತಿಕೊಂಡರೆ ಅವನು ಅರ್ಧ ಊರು ದಾಟುತ್ತಿದ್ದ. ಎಣ್ಣೆ, ಬೆವರು, ಎಲೆ ತಂಬಾಕು, ಕಲ್ಲಿನ ಪುಡಿ, ಎಲ್ಲ ಸೇರಿದ ಅವನ ಅವ್ವನ ವಾಸನೆ ಅದರಲ್ಲಿತ್ತು. ದಸರೆಯ ಮುಂದೆ ಮನೆಯ ಬಟ್ಟೆಯನ್ನೆಲ್ಲ ಒಗೆಯುವ ವಾಡಿಕೆ. ಭೀಮಬಾಯಿಯ ಸೊಸೆ, ಪಾಪ, ಒಳ್ಳೆಯದಾಗಲೆಂದೇ ಅದನ್ನೂ ಒಯ್ದು ಸವಳು ಮಣ್ಣು ಹಾಕಿ ಒಗೆದು ತಂದಳು. ಅವನು ಅದನ್ನು ಮೂಸಿ ನೋಡಿ ಕೆಳಗೆ ಹಾಕಿದ. ಆಮೇಲೆ ಮುಟ್ಟಲಿಲ್ಲ. ಟಾಂಗಾ ರೂಢಿಯಾದದ್ದೇನೋ ನಿಜ. ಆದರೆ ರೈಲು ದಾಟಿಸಲು ಸೀರೆಯೇ ಬೇಕು. ಸಾಲಿನಲ್ಲಿ ಅದೇ ಮೊದಲನೆಯದು.

"ಹೊಸಾದಾ? ಹೊಸಾದ ತೊಗೊಂಡು ಏನು ಮಾಡಲಿ? ಅಂಗಡಿ ವಾಸನಿ ಇರತದ. ಆಕಿ ಉಟ್ಟಿದ್ದೇ ಬೇಕೋ. ಈಗ ಮೈಮ್ಯಾಲ ಇದ್ದದ್ದೇ ಬಿಚ್ಚಿ ಕೊಡಲಿ, ಬ್ಯಾರೆ ಉಡಸ್ರಿ..."

"ಇಲ್ಲಂದ್ರ? ಸೀರಿ ಇಲ್ಲಂದ್ರ ಹ್ಯಾಂಗ? ಹಾಸಿಗಿ ಹಿಡದ ಹೆಣಮಗಳಿಗಿ ಮೈಮ್ಯಾಲ ಸೀರಿ ಇಲ್ಲೇನು?... ಹೋಗಲಿ, ಕೌದಿ ಕೊಡು. ಆಕಿ ಹೊತಗೊಳ್ಳೋ ಕೌದಿ, ಕೆಂಪು ಅಂಚಿಂದು..."

"ಕೌದೀನೂ ಇಲ್ಲಾ?..."

"ಕುಬಸ?... ತಲಿದಿಂಬು?... ದೇವೀಂದ್ರಾ, ತಲಿದಿಂಬು ಎಲ್ಲಿ ಹೋಗತದೋ?"

ಈ ಕೊನೆಯ ಪ್ರಶ್ನೆ ಬಾಯಿಂದ ಬಿದ್ದ ಮೇಲೆ ಭೀಮಬಾಯಿಗೆ ತಾನೇ ಅದನ್ನು ಕೇಳಿಸಿಕೊಂಡಂತಾಯಿತು. ಅವಳು ಹೊಳೆ ದಂಡೆಯಲ್ಲಿ ಹುಟ್ಟಿದವಳು. ಒಂದು ಮನೆಯಿಂದ ಸೀರೆ, ಕೌದಿ, ಕುಪ್ಪಸ, ತಲೆದಿಂಬು ಎಲ್ಲ ಒಂದೇ ದಿನ ಯಾವಾಗ ಹೊರಗೆ ಹೋಗುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬುದನ್ನು ಚಿಕ್ಕಂದಿನಿಂದ ನೋಡಿದವಳು. ಅವಳ ಎಡಗೈ ಮೇಜಿನ ಅಂಚನ್ನು ಹಿಡಿಯಿತು. ಗನಿಸಾಬರು ಕಾಳು ಹೊರಳಿಸುವುದನ್ನು ನಿಲ್ಲಿಸಿದರು.

"ಹೊಳೀಗಿ ಬಿಟ್ಟೀರೇನು?..."

"ಅಳಬ್ಯಾಡ. ಹೇಳು. ಹೊಳೀಗಿ ಬಿಟ್ಟೀರೇನು?..."

"ಯಾವಾಗ?..."

"ನಿನ್ನಿ..."

"ನಿನ್ನಿ ಎಷ್ಟೊತ್ತಿಗಿ... ಮಣ್ಣಾಯ್ತು? ಮಣ್ಣು ಕೊಟ್ಟೇ ಬಿಟ್ರಿ?..."

ಅವಳ ಜಾತಿಯ ಹೆಂಗಸಿಗೆ ಒಡಹುಟ್ಟಿದವಳು ಸತ್ತ ಸುದ್ದಿ ಬಂದರೆ ಎದೆ ಬಡಿದುಕೊಂಡು, ಅವಳ ಒಂದೊಂದು ಗುಣವನ್ನು ಹೆಸರಿಟ್ಟು ಕರೆದು ಹಾಡಿಕೊಂಡು ಅಳುವುದು ಹುಟ್ಟಿನಿಂದ ಬಂದದ್ದು. ಆದರೆ ಮೆಟ್ಟಿಲ ಮೇಲೆ "ಬಂಡಿ, ಹರಗೋಲು" ಅನ್ನುವ ದನಿ ನಡೆದೇ ಇತ್ತು. ಹೆಂಗಸರ ಅಳು ಕೇಳಿದರೆ ಅವನು ಗೋಡೆ ಹುಡುಕುತ್ತಾನೆ, ತಲೆ ಜಜ್ಜಲು. ಭೀಮಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು, ತೆಗೆದಳು, ಮತ್ತೆ ತುರುಕಿಕೊಂಡಳು. ಆಮೇಲೆ ತೊಗರಿಯ ಧಾರಣೆ ಕೇಳುವವರ ಹಾಗೆ ಮಾತಾಡಿದಳು.

"ನನಗ ಯಾಕ ಹೇಳಲಿಲ್ಲ?... ಹಾಂ... ಹಾಂ... ಹಿರೇರು ಬ್ಯಾಡ ಅಂದ್ರು. ಅಂಬೂ ಬಂದ್ರ ರಾದ್ಧಾಂತ ಆಗತದ ಅಂದ್ರು... ಯಾರು, ಯಂಕಿನೇ ಅಂದಿದ್ಲಾ?... ಏನಂದ್ಲು? ಆಕಿ ಅಂದಂಗೇ ಹೇಳು..."

"'ಹಲಗಿ ಸಪ್ಪಳದಾಗ ನನ್ನ ಮಗನ್ನ ತರಬ್ಯಾಡ್ರಿ.' ಹೂಂ. ಅಂದಿರತಾಳ. ಆಕಿ ಅನ್ನೋ ಮಾತೇ... ಅದು ಅವನ ಮಾತಾಯ್ತು. ನಂದು? ನನ್ನ ಕಿವಿಗಿ ಕದ ಅದಾವಲ್ಲೋ ತಮ್ಮಾ. ನನಗ ಕರೀಬಾರದಿತ್ತೇನು? ನಾ ಒಬ್ಬಾಕಿ ಬಂದು ಆಕಿ ಮಾರಿ ನೋಡಿ ಹೋಗತಿದ್ದೆ. ಒಂದು ಹಿಡಿ ಮಣ್ಣು ಹಾಕತಿದ್ದೆ. ಆಕಿನ ಎತ್ತಿ ಆಡಿಸಿದಾಕಿ ನಾ..."

"ಬಿಡು. ಅಳಬ್ಯಾಡ ಅಂದ್ನಲ್ಲ. ನೀ ಅತ್ರ ನನಗ ತಡಕೊಳ್ಳಲಿಕ್ಕ ಆಗಲ್ಲ, ಇಲ್ಲಿ ಅಂವ ಕುಂತಾನ. ಇಲ್ಲೇ, ಮಾರು ದೂರದಾಗ. ಗಂಟು ಕಟಗೊಂಡು ಕುಂತಾನ..."

ನಡುವೆ ಒಂದು ಬೇರೆ ದನಿ ತಾರಿನೊಳಗೆ ನುಗ್ಗಿತು.

"ಹಾಂ, ಎಕ್ಸ್‌ಚೇಂಜಿನವರೇನ್ರೀ? ಬಿಡಬ್ಯಾಡ್ರಿ, ಬಿಡಬ್ಯಾಡ್ರಿ, ಮಾತಿನ್ನೂ ಅದ..."

ಗನಿಸಾಬರು ಕೈಯೆತ್ತಿ 'ಮಾತಾಡ್ರಿ, ಮಾತಾಡ್ರಿ' ಎಂದು ಸನ್ನೆ ಮಾಡಿದರು. ಅಷ್ಟಕ್ಕೇ ಬಿಡದೆ ಎದ್ದು ಹೋಗಿ, ಬೀದಿಯ ಕಡೆಯ ಕಿಟಕಿಯ ಕದ ಮುಚ್ಚಿದರು. ಹಿಂದಿನ ಕಣದಲ್ಲಿ ಚೀಲ ಎತ್ತಿ ಹಾಕುತ್ತಿದ್ದ ಹಮಾಲರಿಗೆ "ಸುಮ್ಮ ಕುಂದ್ರಿರೋ ಸ್ವಲ್ಪ, ಬೀಡಿ ಸೇದ್ರಿ" ಅಂದರು. ಅಂಗಡಿಯಲ್ಲಿ ತಕ್ಕಡಿಯ ಸರಪಳಿ ಅಲುಗುವುದಷ್ಟೇ ಕೇಳುತ್ತಿತ್ತು.

"ಹಾಂ, ದೇವೀಂದ್ರಾ, ಅದೀಯಾ?... ಏನಂದಿ? ಅವನಿಗಿ ಹೇಳೋದೇ ಬ್ಯಾಡಾ? ಸುಮ್ಮ ಇಟಗೊಂಡು ಬಿಡಬೇಕಾ? ತಾನೇ ಮರೀತಾನಾ?..."

"ಮರೀತಾನ ಅಂತೀಯಲ್ಲೋ. ಹ್ವಾದ ಮಳಿಗಾಲದಾಗ ಹಳ್ಳ ಬಂದು ಬಸ್ಸು ನಿಂತು, ಯಂಕಿ ಅಮಾಸಿಗಿ ಬರಲಿಲ್ಲ. ಆಕಿ ಬರೋ ತನಕಾ ಅಂವ ಕಟ್ಟಿ ಬಿಟ್ಟು ಎದ್ದಿಲ್ಲ, ತುತ್ತು ಉಂಡಿಲ್ಲ. ಈ ಸಲ ಪಂಚಮಿಯಿಂದ, ನಾನೇ ನಿನ್ನ ಅವ್ವನ ಹಂತ್ಯಾಕ ಕರಕೊಂಡು ಹೋಗತೀನಂತ ಹೇಳ್ಕೋತ ಉಣಸೀನಿ. ಈಗ ಹರಗೋಲಾದ ಮ್ಯಾಲ ಅವ್ವ ಅಂತ ನಾನೇ ಕಲಿಸೀನಿ. ನಾನೇ, ನನ್ನ ಬಾಯಿಲೇ. ಹೋಗದಿದ್ರ ಅಂವ ಈ ಮೆಟ್ಟಿಲ ಮ್ಯಾಲೇ ಒಣಗತಾನ ದೇವೀಂದ್ರಾ. ಸಾಯತಾನ..."

"ಬಾಯಿಲೆ ಹೇಳಿದ್ರ ತಿಳಿಯಂಗಿಲ್ಲ ಅವನಿಗಿ. ಸತ್ತಾಳ ಅಂದ್ರ ಏನು ತಿಳೀಬೇಕು? ಬರೇ ಮಾತದು. ನಮ್ಮ ಕರೀ ಎತ್ತು ಸತ್ತಾಗೇನಾಯ್ತು? ಹೊಲದಾಗಿದ್ದ, ನೋಡಿರಲಿಲ್ಲ. ಮನಿಗಿ ಬಂದ ಮ್ಯಾಲ ಗ್ವಾದಲಿ ಖಾಲಿ. ಗಿಡ ಗಿಡದ ಬುಡಕ ಹುಡಕ್ಯಾಡಿದ, ಕುರಕುಂಟಾ ಹಾದಿ ಹಿಡದು ಹೋಗಿದ್ದ, ಹಿಡಕೊಂಡು ತಂದೀವಿ. ಕಡೀಗಿ ನಾ ಅವನನ್ನ ಗ್ವಾದಲಿಗಿ ಕರಕೊಂಡು ಹೋಗಿ, ಗೂಟ ತೋರಿಸಿ, ಆ ಎತ್ತಿನ ಕೊಳ್ಳಹಗ್ಗ ಕೈಯಾಗ ಕೊಟ್ಟೆ. ಮೂಸಿ ನೋಡಿದ. ಭಾಳ ಹೊತ್ತು ಕುಂತ. ಕೊಳ್ಳಹಗ್ಗ ಅದ, ಕೊಳ್ಳಿಲ್ಲ. ಅದು ತಿಳೀತು ಅವನಿಗಿ. ಆ ಹಗ್ಗ ತಲಿ ಬುಡಕ ಇಟಗೊಂಡು ಮಲಗಿದ. ಹುಡುಕೋದು ಬಿಟ್ಟ..."

"ಅದಕ್ಕ ಆಕಿದು ಏನಾರ ಒಂದು ಬೇಕು. ನೀರು ಮುಟ್ಟಲಾರದ್ದು. ಹಾದಿ ದಾಟಸಲಿಕ್ಕೂ ಬೇಕು, ಮಣ್ಣಿನ ಹಂತ್ಯಾಕ ಕೂಡಿಸಿ ತಿಳಿಸಲಿಕ್ಕೂ ಬೇಕು... ಸೀರಿ ಎಲ್ಲಿ ಬಿಟ್ರಿ ಹೊಳ್ಯಾಗ? ಮಡುವಿನ ಕೆಳಗೇನು? ಹಂಗಾದ್ರ ಮುಂದ ಜಾಲಿ ಕಂಟಿಗಿ ಹತ್ತಿರತದ, ಹಣಮಪ್ಪನಿಗಿ ಹೇಳಿ... ಇಲ್ಲ, ಬ್ಯಾಡ. ಬ್ಯಾಡ ಬಿಡು. ಸತ್ತವರ ಬಟ್ಟಿ ತಿರುಗಿ ತಂದ್ರು ಅಂತ ಮಂದಿ ಏನಾರ ಅನ್ನಲಿ, ಅದಕ್ಕಲ್ಲ. ಹೊಳೀ ಒಗದಿರತದ ಅದನ್ನ. ನೀರಿಗಿ ಬಿದ್ದ ಮ್ಯಾಲ ಏನು ಉಳೀತದ..."

"ಎಲಿ ಸಂಚಿ?... ಆಕಿ ಸಂಗಾಟೇ ಇಟ್ರಾ. ಮಣ್ಣಾಗ... ಹಾಂ, ಆಕಿಗಿ ಭಾಳ ಪ್ರೀತಿ ಅದು. ಇಡಬೇಕಾದದ್ದೇ... ನಿನ್ನ ಟವೆಲ್? ಆಕಿ ಮಾರಿ ಒರಸಿದ್ದು?... ಹೊಳ್ಯಾಗ ಜಳಕಾ ಮಾಡುವಾಗ ಅದೂ ಹೋಯ್ತು... ಎಲ್ಲಾ ತೊಳದೀರಿ. ಒಂದೂ ಬಿಟ್ಟಿಲ್ಲ. ಎಲ್ಲಾ ತೊಳದು ಕುಂತೀರಿ..."

ತಪ್ಪು ಯಾರದೂ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಸಾವು ಬಂದ ಮನೆಯನ್ನು ಹಿಂದಿನಿಂದ ಹಾಗೆಯೇ ತೊಳೆಯುತ್ತ ಬಂದಿದ್ದಾರೆ. ಅವಳ ಗಂಡ ಸತ್ತಾಗ ಅವಳೇ ನಿಂತು ತೊಳೆಸಿದ್ದಳು. ಉಳಿದವರು ಬದುಕಬೇಕಲ್ಲ, ಅದಕ್ಕಾಗಿ ಸತ್ತವರ ವಾಸನೆಯನ್ನು ಮನೆಯಿಂದ ಕಳಿಸುವುದು. ವಾಸನೆ ಹಿಡಿದೇ ಬದುಕುವವನೊಬ್ಬ ಮನೆಯಲ್ಲಿದ್ದರೆ ಏನು ಮಾಡಬೇಕೆಂದು ಹಿರಿಯರು ಯಾರೂ ಹೇಳಿಟ್ಟಿರಲಿಲ್ಲ. ಅವಳು ಕಣ್ಣು ಮುಚ್ಚಿ ತಂಗಿ ಮಲಗಿದ್ದ ಆ ಮನೆಯನ್ನು ಬಾಗಿಲಿನಿಂದ ಹಿತ್ತಲ ತನಕ ನೋಡಿಕೊಂಡಳು. ಒಲೆ. ನೀರಿನ ಹರವಿ. ಗೂಡಿನಲ್ಲಿ ದೀಪ. ಗೋಡೆಗೆ ಮೊಳೆ. ಮೂಲೆಯಲ್ಲಿ...

"ದೇವೀಂದ್ರಾ. ಹೊರಸು?..."

"ಹೊರಸೋ, ಆಕಿ ಮಲಗೋ ಹೊರಸು. ನುಲಿ ಹೊರಸು. ಹೊಳೀಗಿ ಬಿಟ್ಟಿಲ್ಲಲ್ಲ? ಕಟ್ಟಿಗೀದು ಯಾರೂ ಬಿಡಂಗಿಲ್ಲ... ಎಲ್ಲದ ಅದು?... ಅಂಗಳದಾಗಾ. ಗ್ವಾಡಿಗಿ ನಿಲ್ಲಿಸೀರಾ..."

"ಹಗ್ಗ. ಅದರ ನುಲಿ ಹಗ್ಗ. ಪಂಚಮಿಯಿಂದ ಹಗಲು ರಾತ್ರಿ ಅದರ ಮ್ಯಾಲೇ ಮಲಗ್ಯಾಳ, ಆಕಿ ಮೈ ಎಣ್ಣಿ, ಬೆವರು, ಎಲ್ಲಾ ಕುಡದಿರತದ ಅದು. ಅದೇ ಸಾಕೋ. ಅದೇ... ಏನಂದಿ? ಯಾರು?..."

"ಸುಂದರಬಾಯಿ ಏನು ಮಾಡ್ಲಿಕತ್ತಾಳ? ಮನಿ ಸಾರಸ್ಲಿಕತ್ತಾಳಾ? ನೀ ಬರೋ ಮುಂದ ಕೊಡ ತೊಗೊಂಡು ನಿಂತಿದ್ಲಾ?... ಯಾವ ಕೊಡ? ಹೊರಸಿಗಿ ಹಾಕಲಿಕ್ಕೇನು?"

"ಓಡು."

"ಫೋನ್ ಇಡಬ್ಯಾಡ, ಹಂಗೇ ಬಿಡು, ಓಡು. ಆಕಿ ಕೈ ಹಿಡಿ. ಒಂದು ಹನಿ ಬೀಳಬಾರದು. ಓಡೋ ದೇವೀಂದ್ರಾ..."

ಆ ಕಡೆ ರಿಸೀವರ್ ಏನಕ್ಕೋ ಬಡಿಯಿತು. ಹರಿದ ಚಪ್ಪಲಿಯ ಪಟಪಟ ಸದ್ದು ದೂರವಾಯಿತು. ಆಮೇಲೆ ಏನೂ ಇಲ್ಲ. ಕಲ್ಲಿನ ಅಡ್ಡಾದ ಆಫೀಸಿನ ಖಾಲಿತನ ತಾರಿನ ಗುಂಟ ಬಂದು ಅವಳ ಕಿವಿಯೊಳಗೆ ಕೂತಿತು. ಎಲ್ಲೋ ಉಳಿ ಸುತ್ತಿಗೆಯ ಟಕಟಕ. ಮನೆ ಅಡ್ಡಾದ ಹಿಂದೆಯೇ. ದೇವೀಂದ್ರ ಎಂಥ ಓಟಗಾರನೂ ಅಲ್ಲ. ಸುಂದರಬಾಯಿಯೋ, ಕೆಲಸಕ್ಕೆ ಕೈ ಹಾಕಿದರೆ ಮುಗಿಸಿಯೇ ಎದ್ದಾಳು. ಬೇರೆ ದಿನವಾಗಿದ್ದರೆ ಭೀಮಬಾಯಿ ಅವಳ ಆ ಗುಣವನ್ನೇ ಹೊಗಳುತ್ತಿದ್ದಳು.

ಗನಿಸಾಬರು ಮೆಲ್ಲಗೆ ಕೇಳಿದರು: "ಬಾಯಿ... ಯಂಕಮ್ಮ?"

ಭೀಮಬಾಯಿ ಅವರ ಕಡೆ ನೋಡದೆ ತಲೆಯಾಡಿಸಿದಳು. ಗನಿಸಾಬರು ತಲೆಯ ಟೋಪಿ ಸರಿಮಾಡಿಕೊಂಡು ತುಟಿಯಲ್ಲೇ ಏನೋ ಹೇಳಿಕೊಂಡರು. ಆಮೇಲೆ, "ಖಾಜಾಮಿಯಾಗ ನಾ ಹೇಳತೀನಿ," ಅಂದರು. "ಯಾವ ದಿನ ಅಂದ್ರ ಆ ದಿನ. ಗೆಜ್ಜಿ ಮಾತು ಎತ್ತಂಗಿಲ್ಲ ಅಂವ."

ಬಾಗಿಲಲ್ಲಿ ಅಂಬರಾಯ ತೂಗುವುದನ್ನು ನಿಲ್ಲಿಸಿದ್ದ. ಒಳಗಿನ ಸುಮ್ಮನಿರುವಿಕೆಯೂ ಅವನಿಗೆ ಕೇಳಿಸಿತೋ ಏನೋ. ಅವನು ಅವಳ ಮುಖ ನೋಡುವವನಲ್ಲ. ಅವಳ ಮೊಣಕೈಯನ್ನು ನೋಡುತ್ತಿದ್ದ. "ಸೀರಿ," ಎಂದ. ಕಾಯ್ದ. ಮತ್ತೆ "ಸೀರಿ" ಎಂದ.

"ಬರತದ ನನ್ನಪ್ಪಾ. ಕುಂದ್ರು. ಬರ್ಲಿಕತ್ತದ."

ಚಪ್ಪಲಿಯ ಸದ್ದು ಮತ್ತೆ ಬಂತು, ಒಂದೇ ಕಾಲಿನದು.

"ಹಾಂ... ಹಾಂ, ಇದ್ದೀನಿ. ಉಸರು ಹಿಡಿ. ಬಿತ್ತಾ? ನೀರು ಬಿತ್ತಾ?... ಬಿತ್ತು..."

"ಎಷ್ಟು? ಯಾವ ಕಡೀಗಿ?... ಕಾಲಕಡೀಗಿ ಒಂದು ಕೊಡ. ತಲೀಕಡೀದು? ತಲೀಕಡೀದು ಹ್ಯಾಂಗದ?... ಒಣಗೇ ಅದಾ? ಕೈಯಿಟ್ಟು ನೋಡಿದ್ಯಾ, ಬರೇ ಕಣ್ಣಿಲೇ ನೋಡಿ ಬಂದ್ಯಾ?... ಮೂಸಿ ನೋಡಿದ್ಯಾ..."

"ಅಳಬ್ಯಾಡೋ. ಅದ ಅಂದ್ರ ಅದ. ಆಕಿ ವಾಸನಿ ಅದ ಅಂದ್ರ ಸಾಕು. ಅದಕ್ಕ್ಯಾಕ ಅಳತಿ... ಹಾಂ. ಹಾಂ. ಗೊತ್ತದ ನನಗ..."

"ಈಗ ಕೇಳು. ಬಿಚ್ಚಲಿಕ್ಕ ಕುಂದ್ರಬ್ಯಾಡ, ತೊಯ್ದ ಹಗ್ಗ ಜಗ್ಗಿದ್ರ ಒಣಾದಕ್ಕೂ ಹಸಿ ಹತ್ತತದ. ಕುಡಗೋಲಿಲೆ ನಡುವೇ ಕೊಯ್ಯಿ. ತಲೀಕಡೀದಷ್ಟೇ ತೊಗೊ. ಬಿಸಲಿಗಿ ಹಾಕಬ್ಯಾಡ. ಗೋಣಿಚೀಲದಾಗ ಹಾಕಬ್ಯಾಡ, ಸಣಬಿನ ವಾಸನಿ ಕೂಡತದ. ಆಕಿ ಜ್ವಾಳ ಇಡತಿದ್ದ ಮಡಕಿ ಅದಲ್ಲ, ಅದರಾಗ ಹಾಕಿ ಬಾಯಿ ಕಟ್ಟು... ಯಾರ ಕೈಲೂ ಕಳಸಬ್ಯಾಡ. ನೀನೇ ತೊಗೊಂಡು ಬಾ. ಬಂದು ನಮ್ಮನ್ನ ಕರಕೊಂಡೇ ಹೋಗು. ಮೂರನೇ ದಿನದ ಕಾರ್ಯ ಆಗಲಿ, ಮಂದಿ ಹೋಗಲಿ, ಹಲಗಿ ನಿಲ್ಲಲಿ. ಆಮ್ಯಾಲ ಸೀದಾ ಮಣ್ಣಿಗೇ ಹೋಗೋಣು. ಮನಿಗಿ ಬ್ಯಾಡ. ಅಲ್ಲಿ ಕೂಡಸತೀನಿ. ಹಗ್ಗ ಕೈಯಾಗ ಕೊಡತೀನಿ. ತಿಳೀತದ ಅವನಿಗಿ, ತಿಳಿದೇ ತಿಳೀತದ. ತಿಳದ ಮ್ಯಾಲ ಏನು ಮಾಡತಾನ ಅನ್ನೋದು ನನಗ..."

"ಹಲೋ? ದೇವೀಂದ್ರಾ, ಕೇಳ್ಲಿಕತ್ತದೇನು? ದೂರ ಹೋಯ್ತಲ್ಲೋ ನಿನ್ನ ಧ್ವನಿ... ಒಂದು ಮಾತು ಹೇಳು. ಕಡೀಕ ಆಕಿ ಅವನ ಹೆಸರು... ಹಲೋ... ಹಲೋ, ಆಕಿ ಅಂಬೂನ ಹೆಸರು ತೊಗೊಂಡ್ಲೇನು?... ಹಲೋ..."

ತಾರಿನೊಳಗೆ ಕಟ್ ಎಂದಿತು. ಭೀಮಬಾಯಿ ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ಅದು ಅಲ್ಲಿರುವಷ್ಟು ಹೊತ್ತು ತಿರುಗಿ ಬಾಗಿಲ ಕಡೆ ನೋಡಬೇಕಾಗಿರಲಿಲ್ಲ. ಅವಳ ಬೆನ್ನ ಹಿಂದೆ ಅಂಬರಾಯ ಮತ್ತೆ ತೂಗತೊಡಗಿದ್ದ. ಬರುತ್ತದೆ ಅಂದಿದ್ದಾಳಲ್ಲ, ಮೊದಲನೆಯದು ಬಂದಂತೆಯೇ ಎಂದು ಅವನು ಮುಂದಿನದಕ್ಕೆ ಹೋಗಿದ್ದ.

"ಟಾಂಗಾ," ಎಂದ. "ರೈಲು. ಬಂಡಿ. ಹರಗೋಲು."

"ಹಲೋ..." ಎಂದಳು ಭೀಮಬಾಯಿ, ಸತ್ತ ತಾರಿಗೆ, ಮೆಲ್ಲಗೆ.

"ಅವ್ವ," ಎಂದ ಅವನು.